ಹತ್ತು ಮಿಲಿಲೀಟರ್ ನೀರಿನ ತೂಕ

ಹತ್ತು ಮಿಲಿಲೀಟರ್ ನೀರು ಹತ್ತು ಗ್ರಾಂ ತೂಗಬೇಕು. ನಮ್ಮ ಶಾಲೆಯ ತಕ್ಕಡಿಯಲ್ಲಿ ಅದು ಹತ್ತು ಗ್ರಾಂ ನಾಲ್ಕುನೂರು ಮಿಲಿಗ್ರಾಂ ತೂಗಿತು. ಹುಡುಗರು ಕಣ್ಣು ಪಿಳಿಪಿಳಿ ಬಿಡುತ್ತ ನನ್ನ ಮುಖ ನೋಡಿದರು. ನಾನು ಅವರನ್ನೇ ಬೈದೆ. ಮುಳ್ಳು ನಿಲ್ಲುವ ಮೊದಲೇ ಓದಿದ್ದೀರಿ, ಬೀಕರಿನ ಹೊರಮೈ ಒರೆಸಿಲ್ಲ, ಬಾಗಿಲು ತೆರೆದಿಟ್ಟು ಗಾಳಿಗೆ ತೂಗಿದ್ದೀರಿ ಎಂದೆಲ್ಲ ಕೂಗಾಡಿ, ಅವರನ್ನು ಸರಿಸಿ ನಾನೇ ತೂಗಿದೆ. ಹತ್ತು ಗ್ರಾಂ ನಾಲ್ಕುನೂರು ಮಿಲಿಗ್ರಾಂ.

ಎಪ್ಪತ್ತರ ದಶಕದ ಕೊನೆಯ ಮಾತಿದು. ಹುನಗುಂದ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮಾಸ್ತರನಾಗಿದ್ದೆ. ನನ್ನ ಸ್ವಂತ ಊರು ಬಾದಾಮಿ. ಕೆಲಸಕ್ಕೆ ಸೇರಿ ಎರಡು ವರ್ಷ ತುಂಬುತ್ತ ಬಂದಿತ್ತು, ಇನ್ನೂ ಹಂಗಾಮಿ. ಇಲಾಖೆಯ ತಪಾಸಣೆಗೆ ಒಂಬತ್ತು ದಿನ ಉಳಿದಿದ್ದವು. ವರದಿ ಚೆನ್ನಾಗಿ ಬಂದರೆ ಅದರ ಬೆನ್ನಿಗೇ ನನ್ನನ್ನು ಖಾಯಂ ಮಾಡುವ ಕಾಗದ ಹೋಗುತ್ತದೆ, ಕೆಟ್ಟರೆ ಹೋಗುವುದಿಲ್ಲ. ಹೆಡ್‌ಮಾಸ್ತರರು ಇದನ್ನು ದಿನಕ್ಕೆ ಎರಡು ಸಲ ನನ್ನ ಕಿವಿಗೆ ಹಾಕುತ್ತಿದ್ದರು, ಮುಂಜಾನೆ ಪ್ರಾರ್ಥನೆ ಮುಗಿದ ಮೇಲೆ ಒಮ್ಮೆ, ಸಂಜೆ ಗಂಟೆ ಬಾರಿಸಿದ ಮೇಲೆ ಒಮ್ಮೆ. ಮನೆಯಲ್ಲಿ ಹೆಂಡತಿ, ಆರು ತಿಂಗಳ ಕೂಸು. ಆ ದಿನಗಳಲ್ಲಿ ಉಂಡದ್ದು ನನಗೆ ಮೈಗೆ ಹತ್ತುತ್ತಿರಲಿಲ್ಲ.

ಆ ಒಂಬತ್ತು ದಿನಗಳ ತಳಮಳಕ್ಕೆ ಕಾರಣ ನಾನೇ ಮಾಡಿಕೊಂಡದ್ದು. ನಾನು ಬರುವ ಮೊದಲು ಆ ಶಾಲೆಯಲ್ಲಿ ಪ್ರಯೋಗ ಎಂದರೆ ಮಾಸ್ತರರು ಹೇಳುವುದು, ಹುಡುಗರು ಜರ್ನಲ್ಲಿನಲ್ಲಿ ಬರೆದುಕೊಳ್ಳುವುದು. ಕಪಾಟಿನಲ್ಲಿ ಹಳೆಯ ಜರ್ನಲ್ಲುಗಳ ಕಟ್ಟು ಇತ್ತು. ನೀರಿನ ಸಾಂದ್ರತೆ ಎಂಬ ಪುಟ ತೆರೆದರೆ ಪ್ರತಿ ವರ್ಷದ ಪ್ರತಿ ಹುಡುಗನಿಗೂ ಬರೋಬ್ಬರಿ ಒಂದು ಬಂದಿತ್ತು. ಒಬ್ಬನಿಗೂ ಒಂದು ಮಿಲಿಗ್ರಾಂ ಹೆಚ್ಚಿಲ್ಲ, ಕಡಿಮೆಯಿಲ್ಲ. ಇಷ್ಟು ಶುದ್ಧವಾದ ಕೆಲಸ ಪರದೇಶದ ಪ್ರಯೋಗಶಾಲೆಗಳಲ್ಲೂ ನಡೆಯಲಿಕ್ಕಿಲ್ಲ. ನಾನು ಸಿಡುಕಿನ ಮನುಷ್ಯ. ಬಂದ ವರ್ಷವೇ ಕಾಯ್ದೆ ಮಾಡಿದೆ: ಪ್ರಯೋಗ ಕೈಯಾರೆ ಮಾಡಬೇಕು, ಕಂಡದ್ದನ್ನೇ ಬರೆಯಬೇಕು, ಪೆನ್ಸಿಲ್ ಮುಟ್ಟಬಾರದು, ಮಸಿಯಲ್ಲಿ ಬರೆಯಬೇಕು, ತಿದ್ದಬಾರದು. ಈ ಕಾಯ್ದೆ ನನ್ನ ಕುತ್ತಿಗೆಗೇ ಬರುತ್ತದೆಂದು ಆಗ ಅನ್ನಿಸಿರಲಿಲ್ಲ.

ಪ್ರಯೋಗ ಅತ್ಯಂತ ಸಾದಾ. ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯ ಎಡತಟ್ಟೆಯಲ್ಲಿ ಒಣಗಿದ ಬೀಕರು ಇಡುವುದು. ಬಲತಟ್ಟೆಯಲ್ಲಿ ಒಂದು ಬಟ್ಟಲಿಟ್ಟು ಮುಳ್ಳು ನಟ್ಟನಡುವೆ ನಿಲ್ಲುವವರೆಗೆ ಅದಕ್ಕೆ ಸಣ್ಣ ಮರಳು ಸುರಿಯುವುದು. ಬೀಕರಿನ ಭಾರ ಅಲ್ಲಿಗೆ ಲೆಕ್ಕದಿಂದ ಹೊರಗೆ ಹೋಯಿತು. ಆಮೇಲೆ ಅಳತೆಯ ಜಾಡಿಯಿಂದ ನೀರು ಹಾಕಿ, ಬಲಗಡೆ ಹಿತ್ತಾಳೆಯ ತೂಕದ ಬೊಟ್ಟುಗಳನ್ನು ಚಿಮಟದಿಂದ ಒಂದೊಂದೇ ಇಡುವುದು. ಐವತ್ತು ಮಿಲಿಲೀಟರು, ಇಪ್ಪತ್ತು, ಹತ್ತು ಎಂದು ಮೂರು ಗುಂಪಿಗೆ ಮೂರು ಅಳತೆ ಕೊಟ್ಟಿದ್ದೆ. ಐವತ್ತಕ್ಕೆ ಐವತ್ತೊಂದು ಗ್ರಾಂ ಚಿಲ್ಲರೆ ಬಂತು. ಇಪ್ಪತ್ತಕ್ಕೆ ಇಪ್ಪತ್ತು ಗ್ರಾಂ ಆರುನೂರು ಮಿಲಿಗ್ರಾಂ. ಹತ್ತಕ್ಕೆ ಬಂದದ್ದು ಹೇಳಿದೆನಲ್ಲ.

ಹತ್ತು ಮಿಲಿಲೀಟರಿನ ಗುಂಪಿನಲ್ಲಿ ನೇಕಾರರ ಮನೆಯ ಹುಡುಗಿಯೊಬ್ಬಳಿದ್ದಳು. ಮನೆಯಲ್ಲಿ ಮಗ್ಗದ ಎಳೆ ಎಣಿಸಿ ಎಣಿಸಿ ಕಣ್ಣು ಚುರುಕಾಗಿತ್ತೋ ಏನೋ, ಮೂರೂ ಗುಂಪಿನ ಅಂಕಿಗಳನ್ನು ಭಾಗಿಸಿ ಒಂದರ ಕೆಳಗೊಂದು ಬರೆದುಕೊಂಡು ಎದ್ದು ನಿಂತಳು.

"ಸರ, ನೀರ ಕಡಿಮಿ ಆದಂಗ ಭಾರ ಆಗಾಕತ್ತೈತ್ರಿ."

ಕ್ಲಾಸು ಗೊಳ್ಳೆಂದು ನಕ್ಕಿತು. ನಾನು ನಗಲಿಲ್ಲ. ಅವಳ ಅಂಕಿ ಸರಿಯಾಗಿತ್ತು. ಐವತ್ತರಲ್ಲಿ ನೂರಕ್ಕೆ ಎರಡರಷ್ಟು ಹೆಚ್ಚು, ಇಪ್ಪತ್ತರಲ್ಲಿ ಮೂರು, ಹತ್ತರಲ್ಲಿ ನಾಲ್ಕು. ಜರ್ನಲ್ಲಿನಲ್ಲಿ ಎಲ್ಲವೂ ಮಸಿಯಲ್ಲಿ ಕೂತಾಗಿತ್ತು.

ಹೆಡ್‌ಮಾಸ್ತರರಿಗೆ ಹೇಳಿದಾಗ ಅವರು ಒಂದು ಕ್ಷಣವೂ ತಡೆಯಲಿಲ್ಲ. "ನಮ್ಮೂರ ನೀರ ಸವಳ ಐತ್ರಿ ಮಾಸ್ತರ. ಬ್ಯಾಳಿ ಬೇಯಂಗಿಲ್ಲ. ಭಾರ ಇರೂದ ಖರೆ ಅದು."

ನನಗೂ ಅದು ಒಪ್ಪಿಗೆಯಾಯಿತು. ಮರುದಿನ ದವಾಖಾನೆಯ ಕಂಪೌಂಡರನನ್ನು ಕಾಡಿ ಒಂದು ಬಾಟಲಿ ಭಟ್ಟಿ ಇಳಿಸಿದ ನೀರು ತಂದೆ. ಅದೂ ಹತ್ತೂ ನಾಲ್ಕುನೂರು ತೂಗಿತು. ಹುಡುಗಿ ಮೆಲ್ಲಗೆ ಹೇಳಿದಳು: "ಸವಳ ಇದ್ರ ಐವತ್ತಕ್ಕೂ ಹತ್ತಕ್ಕೂ ಅಷ್ಟ ಸವಳ ಇರಬೇಕಲ್ರಿ ಸರ." ಇದು ನನ್ನ ತಲೆಗೆ ಮೊದಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ ಎಂದು ನನ್ನ ಮೇಲೇ ಸಿಟ್ಟು ಬಂದು, ಅದನ್ನು ಕಿಟಕಿಯಲ್ಲಿ ಕೂತು ಮಾತಾಡುತ್ತಿದ್ದ ಇಬ್ಬರು ಹುಡುಗರ ಮೇಲೆ ತೀರಿಸಿಕೊಂಡೆ.

ಜಾಡಿಯ ಗೆರೆಗಳನ್ನು ಬ್ಯುರೆಟ್ಟಿನಿಂದ ತಾಳೆ ನೋಡಿದೆ, ಸರಿಯಿದ್ದವು. ತಕ್ಕಡಿಯ ನೂಲುಗುಂಡು ನೇರ ಮಾಡಿದೆ, ತಿರುಪು ತಿರುಗಿಸಿ ಸಮ ಮಾಡಿದೆ, ನೀರನ್ನು ಬಲಕ್ಕೂ ತೂಕವನ್ನು ಎಡಕ್ಕೂ ಇಟ್ಟು ನೋಡಿದೆ. ಏನು ಮಾಡಿದರೂ ನೀರು ಭಾರ. ಮೂರು ದಿನ ಹೀಗೆ ಹೋದವು. ಉಳಿದ ವಿಷಯಗಳ ಪಾಠ ಹಿಂದೆ ಬಿತ್ತು. ಊಟಕ್ಕೆ ಕೂತರೆ ನೀರಿನ ತಂಬಿಗೆಯನ್ನೇ ನೋಡುತ್ತಿದ್ದೆ. ಹೆಂಡತಿ, "ತಂಬಗಿಗೆ ಏನ ಆಗೇತ್ರಿ? ತೊಳದೇನಲ್ಲ!" ಎಂದು ರೇಗಿದಳು.

ನಾಲ್ಕನೆಯ ದಿನ ಹೆಡ್‌ಮಾಸ್ತರರು ಕೋಣೆಗೆ ಕರೆದು ಬಾಗಿಲು ಮುಚ್ಚಿದರು.

"ಆ ಪುಟ ಹರದ ಹಾಕ್ಸ್ರಿ. ಹೊಸಾ ಪುಟದಾಗ ಒಂದು ಅಂತ ಬರಸ್ರಿ. ನೀರಿನ ಸಾಂದ್ರತಾ ಒಂದಲ್ಲ ಅಂತ ಬರದ ಹೈಸ್ಕೂಲ ಯಾವುದು ಅಂತ ನಾಳಿ ಜಿಲ್ಲಾ ತುಂಬ ನಗತಾರ. ನಿಮ್ಮ ಕಾಗದದ ಮ್ಯಾಲ ನಾ ಸಹಿ ಮಾಡೂದು ಹೆಂಗ?"

ಅವರು ಕೆಟ್ಟವರಲ್ಲ. ನಾನು ಖಾಯಂ ಆಗಬೇಕೆಂದು ನನಗಿಂತ ಹೆಚ್ಚು ಅವರಿಗೇ ಇತ್ತು. ನಾನು ಹೋದರೆ ಮತ್ತೊಬ್ಬ ವಿಜ್ಞಾನದವನನ್ನು ಆ ಹಳ್ಳಿಗೆ ಎಳೆದು ತರುವುದು ಸುಲಭವಿರಲಿಲ್ಲ. "ಹೂಂ" ಎಂದು ಬಂದೆ. ಬಂದವನು ಕ್ಲಾಸಿನಲ್ಲಿ ನಿಂತು, ಹೊಸ ಪುಟ ತೆಗೆಯಿರಿ, ದಿನಾಂಕ ಹಾಕಿರಿ, ಉದ್ದೇಶ ಬರೆಯಿರಿ ಎಂದು ಹೇಳತೊಡಗಿದೆ. ನಲವತ್ತು ಟಾಕುಗಳು ಕಿರಗುಟ್ಟುತ್ತ ಬರೆದವು. ಅಂಕಿಯ ಕೋಷ್ಟಕಕ್ಕೆ ಬಂದಾಗ ಹುಡುಗಿ ಕೈಯೆತ್ತಿದಳು.

"ಸರ, ಮತ್ತ ತೂಗೂದ್ರಿ?"

ತೂಗುವುದು ಬೇಡ, ನಾನು ಹೇಳುತ್ತೇನೆ, ಬರೆಯಿರಿ ಎನ್ನಬೇಕಿತ್ತು. ಎನ್ನಲಾಗಲಿಲ್ಲ. ನಾಚಿಕೆಯಾಯಿತು. ಎರಡು ವರ್ಷ ನಾನು ಹೊಡೆದ ಭಾಷಣಗಳೆಲ್ಲ ಆ ನಲವತ್ತು ಮುಖಗಳಲ್ಲಿ ನನ್ನನ್ನೇ ಕಾಯುತ್ತ ಕೂತಿದ್ದವು. ವಹಿ ಮುಚ್ಚಿರಿ ಎಂದೆ. ಆಟದ ಬಯಲಿಗೆ ಕಳಿಸಿ ತೂಕದ ಪೆಟ್ಟಿಗೆಯ ಮುಂದೆ ಕೂತೆ. ಅದೊಂದನ್ನೇ ನಾನು ಇನ್ನೂ ಅನುಮಾನಿಸಿರಲಿಲ್ಲ. ಮಖಮಲ್ಲಿನ ಗುಳಿಗಳಲ್ಲಿ ಬೊಟ್ಟುಗಳು ಬಂಗಾರದ ಹಾಗೆ ಹೊಳೆಯುತ್ತಿದ್ದವು. ಅಷ್ಟು ಚೆಂದದ ವಸ್ತುವಿನ ಮೇಲೆ ಯಾರಿಗೆ ಅನುಮಾನ ಬಂದೀತು?

ಶನಿವಾರ ಅರ್ಧ ದಿನದ ಶಾಲೆ. ಪೆಟ್ಟಿಗೆಯನ್ನು ಟವಲಿನಲ್ಲಿ ಸುತ್ತಿ ಬಗಲಲ್ಲಿಟ್ಟುಕೊಂಡು ಇಳಕಲ್ಲಿನ ಬಸ್ಸು ಹತ್ತಿದೆ. ಬಸ್ಸು ಕಲ್ಲಿನ ಲಾರಿಗಳ ಹಿಂದೆ ಸಿಕ್ಕಿಕೊಂಡು ತೆವಳಿತು. ಇಳಕಲ್ಲಿನ ಪೇಟೆಯಲ್ಲಿ ಸೀರೆಯ ಅಂಗಡಿಗಳ ಸಾಲು ದಾಟಿ ಒಬ್ಬ ಪತ್ತಾರರ ಅಂಗಡಿಗೆ ಹೋದೆ. ಬಂಗಾರ ತೂಗುವವರಿಗಿಂತ ಸರಿಯಾದ ತೂಕ ಆ ಸುತ್ತಿನಲ್ಲಿ ಇನ್ನಾರ ಬಳಿ ಇರಬೇಕು! ವಯಸ್ಸಾದವರು, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ಮಾರಲಿಕ್ಕೆ ತಂದಿದ್ದೇನೆಂದು ತಿಳಿದರು. ವಿಷಯ ಹೇಳಿದ ಮೇಲೆ ಕುತೂಹಲ ಹುಟ್ಟಿತು.

ಅವರು ತಮ್ಮ ಹತ್ತು ಗ್ರಾಮಿನ ಬೊಟ್ಟನ್ನು ಒಂದು ಕಡೆ, ನಮ್ಮದನ್ನು ಇನ್ನೊಂದು ಕಡೆ ಇಟ್ಟು ತಕ್ಕಡಿ ಎತ್ತಿದರು. ನಮ್ಮದು ಮೇಲೆ ಹೋಯಿತು. ಡಬ್ಬಿಯಿಂದ ಗುಲಗಂಜಿ ತೆಗೆದು ನಮ್ಮ ಕಡೆಗೆ ಒಂದು ಹಾಕಿದರು, ಎರಡು ಹಾಕಿದರು. ಮೂರು ಹಾಕಿದಾಗ, ಅಂದರೆ ನಾಲ್ಕುನೂರು ಮಿಲಿಗ್ರಾಮಿನ ಹತ್ತಿರ, ಬಹುತೇಕ ಸಮ ಆಯಿತು.

"ಮೂರ ಗುಂಜಿ ಮ್ಯಾಲ ಕಡಿಮಿ ಐತಿ ಮಾಸ್ತರ. ಈ ತೂಕ ಹಿಡಕೊಂಡ ನಾ ಬಂಗಾರ ಮಾರಿದ್ರ ಮಂದಿ ನನ್ನ ಈ ಕಟ್ಟೀ ಮ್ಯಾಲ ಕುಂಡ್ರಾಕ ಬಿಡತಿದ್ದಿಲ್ಲ."

ಒಂದೊಂದಾಗಿ ಎಲ್ಲವನ್ನೂ ತೂಗಿದೆವು. ಎಲ್ಲವೂ ಹಗುರ. ಐವತ್ತು ಗ್ರಾಮಿನದು ಒಂದು ಗ್ರಾಮಿನಷ್ಟು, ಇಪ್ಪತ್ತರದು ಅರ್ಧ ಗ್ರಾಮಿಗಿಂತ ತುಸು ಹೆಚ್ಚು. ಸಣ್ಣ ಬೊಟ್ಟುಗಳು ತಮ್ಮ ಭಾರಕ್ಕೆ ಹೋಲಿಸಿದರೆ ಹೆಚ್ಚು ಕಳೆದುಕೊಂಡಿದ್ದವು. ನೀರು ಕಡಿಮೆಯಾದಷ್ಟೂ ಭಾರವಾಗುತ್ತಿದ್ದ ಗುಟ್ಟು ಅಲ್ಲೇ ಬಿಚ್ಚಿಕೊಂಡಿತು. ನನಗೆ ಕುಣಿಯಬೇಕೆನ್ನಿಸಿತು.

ಪತ್ತಾರರು ಒಂದು ಬೊಟ್ಟನ್ನು ಬೆಳಕಿಗೆ ಹಿಡಿದರು. "ಅಂಕಿ ನೋಡ್ರಿ, ಅಳಿಸಿ ಹೋಗೇತಿ. ಅಂಚ ಉರುಟಾಗೇತಿ. ಇವನ್ನ ಯಾರ ತಿಕ್ಕತಾರ? ತೂಕಾ ತಿಕ್ಕಬಾರದ್ರೀ. ನಾವು ಅಮಾಸಿಗೆ ಕೈ ಮುಗಿತೇವಿ, ವಿಭೂತಿ ಸೈತ ಹಚ್ಚಂಗಿಲ್ಲ."

ಕುಣಿಯಬೇಕೆನ್ನಿಸಿದ್ದು ಅಲ್ಲಿಗೇ ಇಳಿಯಿತು. ಯಾರು ತಿಕ್ಕುತ್ತಾರೆಂದು ನನಗೆ ಗೊತ್ತಿತ್ತು. ನಮ್ಮ ಶಾಲೆಯ ಸಿಪಾಯಿ. ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಹದಿನಾಲ್ಕು ವರ್ಷದಿಂದ ಪ್ರತಿ ಅಮಾವಾಸ್ಯೆಯ ಮುಂಜಾನೆ ಪ್ರಯೋಗದ ಕೋಣೆಯ ಮೆಟ್ಟಿಲ ಮೇಲೆ ಕೂತು, ಹುಣಸೆಹಣ್ಣು ಮತ್ತು ಇಟ್ಟಂಗಿ ಪುಡಿ ಹಚ್ಚಿ, ಕೋಣೆಯ ಹಿತ್ತಾಳೆ ಸಾಮಾನೆಲ್ಲ ತಿಕ್ಕಿ ತೊಳೆದು ಸಾಲಾಗಿಟ್ಟು ಊದಿನಕಡ್ಡಿ ಹಚ್ಚುತ್ತಿದ್ದರು. ಯಾರೂ ಹೇಳಿದ ಕೆಲಸವಲ್ಲ. ವಿದ್ಯೆಯ ಸಾಮಾನು ಕಪ್ಪಾಗಬಾರದು ಎಂಬುದು ಅವರ ಮಾತು. ನಾನು ಎರಡು ವರ್ಷ ಅದನ್ನು ದಾಟಿಕೊಂಡು ಒಳಗೆ ಹೋಗಿದ್ದೇನೆ. "ಬಂಗಾರದಂಗ ಮಾಡೀರಿ ಕಾಕಾ" ಎಂದು ಹೊಗಳಿದ್ದೇನೆ. ಬಿ.ಎಸ್ಸಿ. ಓದಿದವನು ನಾನು!

ಭಾನುವಾರವೆಲ್ಲ ಚಡಪಡಿಸಿದೆ. ಕಾರಣ ಸಿಕ್ಕಿತ್ತು, ಆದರೆ ಅದನ್ನು ಹೇಳಿದರೆ ಕಾಕಾನ ಹೆಸರು ಬರುತ್ತದೆ. ಹೇಳದಿದ್ದರೆ ಹುಡುಗರ ಜರ್ನಲ್ಲು ಸುಳ್ಳಾಗುತ್ತದೆ, ಇಲ್ಲವೇ ನಾನು ಪ್ರಯೋಗ ಕಲಿಸಲು ಬಾರದ ಮಾಸ್ತರನಾಗುತ್ತೇನೆ. ಕೊನೆಗೆ ಒಂದು ದಾರಿ ಹಿಡಿದೆ. ಯಾವ ಬೊಟ್ಟು ಎಷ್ಟು ಸವೆದಿದೆ ಎಂಬ ಕೋಷ್ಟಕವನ್ನು ಹುಡುಗರಿಂದಲೇ ಮಾಡಿಸುವುದು, ಹಳೆಯ ಅಂಕಿಯನ್ನು ಮುಟ್ಟದೆ ಅದರ ಕೆಳಗೆ ತಿದ್ದುಪಡಿ ಲೆಕ್ಕ ಬರೆಸುವುದು, ಯಾರು ಸವೆಸಿದರು ಎಂದು ಎಲ್ಲೂ ಹೇಳದಿರುವುದು. ಆದರೆ ಕಾಕಾನಿಗೆ ಮೊದಲು ನಾನೇ ಹೇಳಬೇಕು.

ಸೋಮವಾರ ಹೇಳಿದೆ. ಚೆನ್ನಾಗಿ ಹೇಳಲಿಲ್ಲ. ಒಂದು ವಾರದ ದಣಿವೆಲ್ಲ ದನಿಗೆ ಬಂದು ಬಿರುಸಾಗಿಬಿಟ್ಟಿತು. ಅವರು ಪೂರಾ ಕೇಳಿಸಿಕೊಂಡರು. ಆಮೇಲೆ ಆಫೀಸಿಗೆ ಹೋಗಿ ಹಳೆಯ ತಪಾಸಣೆಯ ಶೆರಾ ಪುಸ್ತಕ ತಂದು ನನ್ನ ಮುಂದೆ ಇಟ್ಟರು. ಬಂದ ಅಧಿಕಾರಿಗಳೆಲ್ಲ ಬರೆದಿದ್ದರು: ಪ್ರಯೋಗಶಾಲೆಯ ಉಪಕರಣಗಳನ್ನು ಥಳಥಳಿಸುವಂತೆ ಇಡಲಾಗಿದೆ, ಸಂತೋಷ. ವರ್ಷ ಬೇರೆ, ಸಹಿ ಬೇರೆ, ಮಾತು ಒಂದೇ.

"ಇದನ್ನ ಓದಿ ಹೇಳಿದ್ರ ನನ್ನ ಹೆಂಡತಿ ಅವತ್ತ ಹೋಳಗಿ ಮಾಡಾಕಿ," ಎಂದರು. ಬೀಗದ ಕೈ ಗೊಂಚಲನ್ನು ಮೇಜಿನ ಮೇಲಿಟ್ಟು ಮನೆಗೆ ಹೋದರು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಗಂಟೆಯನ್ನು ಹೆಡ್‌ಮಾಸ್ತರರೇ ಬಾರಿಸಿದರು, ಪ್ರತಿ ಸಲ ಬಾರಿಸುವಾಗಲೂ ನನ್ನ ಕೋಣೆಯ ಕಡೆ ನೋಡುತ್ತ.

ಈ ನಡುವೆ ಹುಡುಗರು ಕೋಷ್ಟಕ ಮಾಡಿದರು. ಪತ್ತಾರರ ಹತ್ತು ಗ್ರಾಮಿನ ಬೊಟ್ಟನ್ನು ನಾಲ್ಕು ದಿನದ ಮಟ್ಟಿಗೆ ಕಡ ತಂದಿದ್ದೆ. ಅದನ್ನೇ ಆಧಾರವಾಗಿಟ್ಟು, ಮರಳನ್ನು ಸಮ ಮಾಡಿ, ಎರಡು ಹತ್ತು ಸೇರಿಸಿ ಇಪ್ಪತ್ತು, ಹೀಗೆ ಒಂದೊಂದೇ ತಾಳೆ ನೋಡಿದರು. ತಿದ್ದುಪಡಿ ಹಾಕಿದ ಮೇಲೆ ಐವತ್ತಕ್ಕೂ ಹತ್ತಕ್ಕೂ ನೀರಿನ ಸಾಂದ್ರತೆ ಒಂದೇ ಬಂತು. ಹುಡುಗಿ ಆ ಸಾಲಿನ ಕೆಳಗೆ ಎರಡು ಗೆರೆ ಎಳೆದಳು. ನನ್ನ ಎರಡು ವರ್ಷದ ಕಲಿಸುವಿಕೆಯಲ್ಲಿ ಅಷ್ಟು ಒಳ್ಳೆಯ ಪಾಠ ಇನ್ನೊಂದು ಆಗಿರಲಿಲ್ಲ. ಆದರೂ ನನ್ನ ಕಣ್ಣು ಮತ್ತೆ ಮತ್ತೆ ಖಾಲಿ ಮೆಟ್ಟಿಲ ಕಡೆಗೇ ಹೋಗುತ್ತಿತ್ತು.

ತಪಾಸಣೆಯ ಸಾಹೇಬರು ದಕ್ಷಿಣದ ಕಡೆಯವರು, ಗಂಭೀರ ಮನುಷ್ಯರು. ಜರ್ನಲ್ಲುಗಳ ಕಟ್ಟಿನ ನಡುವಿನಿಂದ ಒಂದನ್ನು ಎಳೆದರು. ಹುಡುಗಿಯದೇ ಬಂತು.

"ನೀರಿನ ಸಾಂದ್ರತೆ ಒಂದು ಪಾಯಿಂಟ್ ಸೊನ್ನೆ ನಾಲ್ಕು. ಯಾರಮ್ಮ ಬರೆದದ್ದು ಇದನ್ನು?"

ಅವಳು ಎದ್ದು ನಿಂತಳು. "ನಾನ್ರಿ. ಮೊದಲ ಅಷ್ಟ ಬಂತ್ರಿ. ನಮ್ಮ ತೂಕಾ ಸವದಾವ್ರಿ. ಕೆಳಗ ತಿದ್ದುಪಡಿ ಮಾಡೇವ್ರಿ."

"ಹಿತ್ತಾಳೆ ಪೆಟ್ಟಿಗೆಯೊಳಗೆ ಕೂತು ಸುಮ್ಮನೆ ಸವೆಯುತ್ತದೆಯೆ?" ಎಂದು ಸಾಹೇಬರು ನನ್ನ ಕಡೆ ತಿರುಗಿದರು.

ಹೆಡ್‌ಮಾಸ್ತರರು ಕರವಸ್ತ್ರ ತೆಗೆದರು. ಬಹಳ ವರ್ಷ ಬಳಸಿದ್ದರಿಂದ, ಎಂದು ನಾನು ತೊದಲುತ್ತಿದ್ದೆ. ಅಷ್ಟರಲ್ಲಿ ಬಾಗಿಲಲ್ಲಿ ಕಾಕಾ. ಇಸ್ತ್ರಿ ಮಾಡಿದ ಧೋತರ, ತಲೆಗೆ ಟೊಪ್ಪಿಗೆ, ಕೈಯಲ್ಲಿ ಒಂದು ಬಟ್ಟಲು.

"ನಾ ತಿಕ್ಕೇನ್ರಿ ಸಾಹೇಬ್ರ. ಹದಿನಾಕ ವರ್ಷ. ಮಾಸ್ತರ ನನ್ನ ಹೆಸರ ಹೇಳವಲ್ರು. ಸವಿತೈತೋ ಇಲ್ಲೋ, ನನಗೂ ನೋಡೂದೈತಿ. ಈ ಹುಡುಗ್ರ ಮುಂದ ತೋರಸ್ತೇನಿ, ತಡ್ರಿ."

ಸಾಹೇಬರು ಬೇಡ ಎನ್ನಲಿಲ್ಲ. ಹುಡುಗಿ ಐವತ್ತರ ಬೊಟ್ಟನ್ನು ತಟ್ಟೆಯಲ್ಲಿಟ್ಟು, ಎದುರಿಗೆ ಮರಳು ಸುರಿದು, ಮುಳ್ಳನ್ನು ಸೊನ್ನೆಗೆ ತಂದಳು. ಕಾಕಾ ಬೊಟ್ಟನ್ನು ತೆಗೆದುಕೊಂಡು ನೆಲದ ಮೇಲೆ ಕೂತು, ಹುಣಸೆಹಣ್ಣು, ಇಟ್ಟಂಗಿ ಪುಡಿ ಹಚ್ಚಿ, ಯಾವಾಗಲೂ ತಿಕ್ಕುವ ಹಾಗೆಯೇ ತಿಕ್ಕಿದರು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ತೊಳೆದು ಒರೆಸಿ ಬಿಸಿಲಿಗೆ ಹಿಡಿದು ಒಣಗಿಸಿ ಚಿಮಟದಿಂದ ಅವರೇ ತಟ್ಟೆಯಲ್ಲಿ ಇಟ್ಟರು. ಮುಳ್ಳು ಅತ್ತಿತ್ತ ತೂಗಾಡಿತು. ನಿಂತಾಗ ಮರಳಿನ ಕಡೆ ಭಾರವೆಂದು ಎರಡು ಗೆರೆ ಸರಿದಿತ್ತು. ಕಾಕಾ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಖರೆ ಐತಿ," ಎಂದರು.

ಸಾಹೇಬರು ಜರ್ನಲ್ಲಿನಲ್ಲಿ ತಪ್ಪು ಅಂಕಿಯ ಕೆಳಗೂ ತಿದ್ದಿದ ಅಂಕಿಯ ಕೆಳಗೂ ಸಹಿ ಮಾಡಿ, ಚಹಾ ಕುಡಿಯದೆ ಜೀಪು ಹತ್ತಿದರು. ನಾನು ಗೆದ್ದೆನೆಂದೇ ತಿಳಿದೆ. ಹೆಂಡತಿಗೆ ಹೂವು ಕೊಂಡೆ.

ಮೂರು ವಾರಕ್ಕೆ ಎರಡು ಕಾಗದ ಬಂದವು. ಒಂದರಲ್ಲಿ, ಸಾರ್ವಜನಿಕ ಆಸ್ತಿಯಾದ ತೂಕದ ಪೆಟ್ಟಿಗೆಯನ್ನು ಕೆಡಿಸಿದ ಬಗ್ಗೆ ಸಿಪಾಯಿಯಿಂದ ಏಳು ದಿನದೊಳಗೆ ಲಿಖಿತ ಸಮಜಾಯಿಷಿ ಕೇಳಿದ್ದರು. ಇನ್ನೊಂದರಲ್ಲಿ, ಆ ಪ್ರಕರಣ ಇತ್ಯರ್ಥವಾಗುವವರೆಗೆ ವಿಜ್ಞಾನ ಶಿಕ್ಷಕರ ಖಾಯಮಾತಿಯನ್ನು ತಡೆಹಿಡಿಯಲಾಗಿದೆ ಎಂದಿತ್ತು. ಎರಡನ್ನೂ ಓದಿ ಹೆಡ್‌ಮಾಸ್ತರರು ನನ್ನನ್ನು ಪಕ್ಕಕ್ಕೆ ಕರೆದರು.

"ನೀವು ಬಂದು ಎರಡ ವರ್ಷ. ನಿಮಗ ಇದೇನೂ ಗೊತ್ತಿದ್ದಿಲ್ಲ, ಸಿಪಾಯಿ ನಿಮಗ ತಿಳೀಲಾರದಂಗ ಮಾಡ್ಯಾನ ಅಂತ ಒಂದ ಸಾಲ ಬರದು ಕೊಡ್ರಿ. ನೀವು ಬಿಡುಗಡಿ. ಅವ ಹೆಂಗೂ ಮುಂದಿನ ವರ್ಷ ರಿಟೈರ ಆಗಾಂವ."

ಆ ಸಾಲು ಪೂರಾ ಸುಳ್ಳೂ ಅಲ್ಲ. ತಿಕ್ಕಿದರೆ ತೂಕ ಇಳಿಯುತ್ತದೆಂದು ನನಗೆ ಹೊಳೆದಿರಲಿಲ್ಲ ಎಂಬುದು ನಿಜವೇ. ಎರಡು ದಿನ ಅದನ್ನು ಬಾಯಲ್ಲಿ ಹೊರಳಿಸಿದೆ. ಬರೆಯುತ್ತೇನೆ ಎಂದೇ ಒಂದು ಸಲ ಕಾಗದ ತೆಗೆದೂ ಇದ್ದೆ, ಅದನ್ನು ಮುಚ್ಚಿಡುವುದಿಲ್ಲ.

ಮೂರನೆಯ ದಿನ ಕಾಕಾ ತಮ್ಮ ಕಾಗದ ಹಿಡಿದುಕೊಂಡು ಮನೆಗೆ ಬಂದರು. ಅವರಿಗೆ ಸಹಿ ಬರುತ್ತಿತ್ತು, ಅರ್ಜಿ ಬರೆಯಲು ಬರುತ್ತಿರಲಿಲ್ಲ. "ನೀವ ಬರೀರಿ ಸರ," ಎಂದರು. ಹೆಂಡತಿ ಚಾಪೆ ಹಾಸಿದಳು. ಅವರು ಹೇಳುತ್ತ ಹೋದರು, ನಾನು ಪುಸ್ತಕದ ಕನ್ನಡಕ್ಕೆ ತಿರುಗಿಸಿ ಬರೆಯುತ್ತ ಹೋದೆ. ತಿಕ್ಕಿದ್ದು ನಿಜ. ಸವೆದದ್ದು ನಿಜ, ಎಷ್ಟು ಸವೆದಿದೆ ಎಂಬ ಹುಡುಗರ ಕೋಷ್ಟಕವನ್ನು ಲಗತ್ತಿಸಿದೆ. ಚೆನ್ನಾಗಿ ಇಟ್ಟಿದ್ದೀ ಎಂದು ಸಾಹೇಬರೆಲ್ಲ ಬರೆದ ಶೆರಾಗಳ ನಕಲನ್ನೂ ಲಗತ್ತಿಸಿದೆ.

"ಇನ್ನೊಂದ ಸಾಲ ಐತ್ರಿ. ಹದಿನಾಕ ವರ್ಷ ಎಲ್ಲಾರೂ ಹೊಳಪ ನೋಡಿದ್ರು, ಒಬ್ರೂ ತೂಗಿ ನೋಡಲಿಲ್ಲ ಅಂತ ಬರೀರಿ."

ಲೇಖನಿ ನಿಂತಿತು. ಆ ಎಲ್ಲರಲ್ಲಿ ನನ್ನ ಖಾಯಂ ಕಾಗದ ಇಟ್ಟುಕೊಂಡು ಕೂತವರೂ ಇದ್ದರು. ಒಳಗೆ ಕೂಸು ಅಳುತ್ತಿತ್ತು. ಕಾಕಾ ನನ್ನ ಕೈಯನ್ನೇ ನೋಡುತ್ತಿದ್ದರು, ಒತ್ತಾಯ ಮಾಡಲಿಲ್ಲ. ಬರೆದೆ. ಅವರು ಸಹಿ ಹಾಕಿದ ಮೇಲೆ, ಕೆಳಗೆ ಉಳಿದ ಜಾಗದಲ್ಲಿ, ಇವರು ತಿಕ್ಕುವುದನ್ನು ನಾನು ಎರಡು ವರ್ಷ ಕಣ್ಣಾರೆ ಕಂಡು ಹೊಗಳಿದ್ದೇನೆ, ನಾನೂ ತೂಗಿ ನೋಡಿರಲಿಲ್ಲ ಎಂದು ಸೇರಿಸಿ ನನ್ನ ಸಹಿಯನ್ನೂ ಹಾಕಿದೆ.

ಕಾಕಾನನ್ನು ಎಚ್ಚರಿಕೆ ಕೊಟ್ಟು ಬಿಟ್ಟರು. ನನ್ನ ಖಾಯಮಾತಿಯನ್ನು ಒಂದು ವರ್ಷ ಮುಂದೆ ಹಾಕಿದರು. ಆದೇಶದಲ್ಲಿ ಕಾರಣ ಬರೆದಿರಲಿಲ್ಲ. ಆಫೀಸಿಗೆ ಹೋಗಿ ಕಾರಣ ಕೇಳಿ ಬಾ ಎಂದು ಎಲ್ಲರೂ ಹೇಳಿದರು. ನಾನು ಹೋಗಲಿಲ್ಲ. ಅದು ನನ್ನದೇ ಕೈಬರಹದಲ್ಲಿ ಅವರ ಕಡತದಲ್ಲಿತ್ತು.